ಬೊಳ್ಳನ ಶುಗರು, ಮನೆಯ ಎರಡು ಸಿರಿಂಜು

ಬಚ್ಚಲಿನ ಹಿಂದಿನ ಬೂದಿ ಗುಡ್ಡೆಗೆ ಇರುವೆ ಮುತ್ತಿದ್ದನ್ನು ಮೊದಲು ಕಂಡದ್ದು ನಮ್ಮ ಅತ್ತೆ. ನಮ್ಮ ಬೆಕ್ಕು ಬೊಳ್ಳ ದಿನಾ ಉಚ್ಚೆ ಹೊಯ್ಯುತ್ತಿದ್ದ ಜಾಗ ಅದು. "ಎಂತ ಮಾರಾಯ್ತಿ, ಬೆಲ್ಲದ ನೀರು ಚೆಲ್ಲಿದ ಹಾಗೆ ಇರುವೆ ಬಂದಿದೆ. ಇದಕ್ಕೂ ನನ್ನದೇ ಕಾಯಿಲೆಯಾ ಅಂತ ಒಮ್ಮೆ ನೋಡು" ಅಂದರು. ಅತ್ತೆಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್. ಅವರಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ.

ಅದು 2019ರ ಅಕ್ಟೋಬರ್. ಒಂದು ತಿಂಗಳಿಂದ ಬೊಳ್ಳ ಹಟ್ಟಿಯ ಬಾನಿಗೆ ಮೂತಿ ಹಾಕಿ ಬಿಡದೆ ನೀರು ಕುಡಿಯುತ್ತಿದ್ದ. ಹಾಕಿದ್ದನ್ನೆಲ್ಲ ತಿಂದು ಮತ್ತೆ ಕೂಗುತ್ತಿದ್ದ, ಆದರೂ ಬೆನ್ನಿನ ಮೂಳೆ ಕೈಗೆ ಸಿಗುವಷ್ಟು ಇಳಿದಿದ್ದ. ಹನ್ನೊಂದು ವರ್ಷದ ಬೆಕ್ಕು, ಮುಪ್ಪು ಬಂತು ಅಂದುಕೊಂಡಿದ್ದೆ. ಹಿಂಗಾಲು ಬೇರೆ ವಿಚಿತ್ರವಾಗಿತ್ತು. ಬೆಕ್ಕು ಬೆರಳ ಮೇಲೆ ನಡೆಯುವ ಪ್ರಾಣಿ. ಇವನು ಮೊಲದ ಹಾಗೆ ಹಿಮ್ಮಡಿ ನೆಲಕ್ಕೆ ಊರಿ ನಡೆಯುತ್ತಿದ್ದ. ಏಟು ತಾಗಿರಬೇಕೆಂದು ಎಣ್ಣೆ ತಿಕ್ಕಿದ್ದೆ. ಸಕ್ಕರೆ ಏರಿ ನರ ಸೋತಾಗ ಹಾಗಾಗುತ್ತದೆ ಅಂತ ಆಮೇಲೆ ತಿಳಿಯಿತು.

ಬದಿಯಡ್ಕದಿಂದ ಬುಟ್ಟಿಯಲ್ಲಿ ಹಾಕಿಕೊಂಡು ಕಾಸರಗೋಡಿಗೆ ಹೋದೆವು. ರಕ್ತದಲ್ಲಿ ಸಕ್ಕರೆ 418. ಡಾಕ್ಟರು ಅಷ್ಟಕ್ಕೇ ಔಷಧಿ ಬರೆಯಲಿಲ್ಲ. ಬಸ್ಸಿನ ಸದ್ದು, ನಾಯಿಯ ಬೊಗಳು ಕೇಳಿ ಹೆದರಿದರೂ ಬೆಕ್ಕಿನ ಸಕ್ಕರೆ ಏರಿಬಿಡುತ್ತದೆಯಂತೆ. ಅದಕ್ಕೆ ಉಚ್ಚೆಯಲ್ಲಿ ಸಕ್ಕರೆ ಇದೆಯಾ ನೋಡಿದರು, ಫ್ರಕ್ಟೋಸಮಿನ್ ಅನ್ನುವ ಪರೀಕ್ಷೆಗೂ ರಕ್ತ ಕಳಿಸಿದರು. ಹಿಂದಿನ ಒಂದೆರಡು ವಾರ ಸಕ್ಕರೆ ಸರಾಸರಿ ಹೇಗಿತ್ತು ಅಂತ ಅದು ತೋರಿಸುತ್ತದೆ, ಆ ಗಳಿಗೆಯ ಹೆದರಿಕೆಯಿಂದ ಏರುಪೇರಾಗುವುದಿಲ್ಲ. ಎರಡರಲ್ಲೂ ಕಾಯಿಲೆ ಖಚಿತವಾಯಿತು. ಬೀಜ ತೆಗೆಸಿದ ಗಂಡು, ವಯಸ್ಸಾದದ್ದು, ಮೊದಲು ತುಂಬ ದಪ್ಪ ಇದ್ದದ್ದು, ಚರ್ಮದ ತುರಿಕೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಆದದ್ದು: ಹೆಚ್ಚಾಗಿ ಇಂಥ ಬೆಕ್ಕುಗಳಿಗೇ ಬರುವುದು ಅಂದರು. ನಾಲ್ಕೂ ನಮ್ಮ ಬೊಳ್ಳನ ಜಾತಕವೇ.

"ಅತ್ತೆಯ ಮಾತ್ರೆಯಲ್ಲಿ ಅರ್ಧ ಕೊಟ್ಟರೆ ಆಗ್ತದಾ ಡಾಕ್ಟ್ರೇ?" ಕೇಳಿದೆ. ಖಂಡಿತ ಕೊಡಬೇಡಿ ಅಂದರು. ಅತ್ತೆಯ ಇನ್ಸುಲಿನ್ ಕೂಡ ಬೇಡ, ಅದು ಬೆಕ್ಕಿನ ಮೈಯಲ್ಲಿ ಬೇಗ ಏರಿ ಬೇಗ ಇಳಿದುಬಿಡುತ್ತದೆ, ಹನ್ನೆರಡು ಗಂಟೆ ತಡೆಯುವುದಿಲ್ಲ. ಬೊಳ್ಳನಿಗೆ ಗ್ಲಾರ್ಜಿನ್ ಅನ್ನುವ ಬೇರೆ ಇನ್ಸುಲಿನ್ ಬರೆದರು. ಬೆಳಿಗ್ಗೆ ಆರೂವರೆ, ಸಂಜೆ ಆರೂವರೆ, ಒಂದೊಂದು ಯೂನಿಟ್. ಆಗ ಅವನ ತೂಕ ನಾಲ್ಕೂವರೆ ಕಿಲೋ.

ಇಂಜೆಕ್ಷನಿಗೆ ನಾನು ಹೆದರಲಿಲ್ಲ, ಅತ್ತೆಗೆ ಕೊಟ್ಟು ಕೈ ಪಳಗಿತ್ತು. ಕಷ್ಟವಾದದ್ದು ಊಟ. ನಮ್ಮದು ಮೀನು ಮಾಂಸ ಒಲೆಗೇರದ ಮನೆ. ಹನ್ನೊಂದು ವರ್ಷ ಬೊಳ್ಳ ತಿಂದದ್ದು ಹಾಲನ್ನ, ಮಜ್ಜಿಗೆ ಅನ್ನ, ಬೆಳಿಗ್ಗೆ ದೋಸೆಯ ಚೂರು, ಮಗ ಪೇಟೆಯಿಂದ ತರುತ್ತಿದ್ದ ಒಣ ಕಾಳಿನ ಆಹಾರ. ಬೇಕಾದ ಮಾಂಸವನ್ನು ತೋಟದ ಇಲಿ ಹಿಡಿದು ತಾನೇ ಸಂಪಾದಿಸಿಕೊಳ್ಳುತ್ತಿದ್ದ, ಕಾಲು ಸೋತ ಮೇಲೆ ಅದೂ ನಿಂತಿತ್ತು. ಬೆಕ್ಕು ಮಾಂಸ ತಿಂದೇ ಬದುಕಲು ಹುಟ್ಟಿದ ಪ್ರಾಣಿ. ತನಗೆ ಬೇಕಾದ ಸಕ್ಕರೆಯನ್ನು ಅದರ ಯಕೃತ್ತು ಪ್ರೋಟೀನಿನಿಂದಲೇ ಮಾಡಿಕೊಳ್ಳುತ್ತದೆ. ಅನ್ನದ ಪಿಷ್ಟ ಅದಕ್ಕೆ ಹೊರೆ. ನಾನು ಪ್ರೀತಿಯಿಂದ ಕಲಸಿ ಹಾಕಿದ್ದೇ ಅವನಿಗೆ ಮುಳುವಾಯಿತಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಇವರು, ನನ್ನ ಗಂಡ, ಎರಡು ದಿನ ಏನೂ ಹೇಳಲಿಲ್ಲ. ದಾರಿ ತೋರಿಸಿದ್ದು ಅತ್ತೆಯೇ. "ಅದರ ಊಟ ಅದಕ್ಕೆ, ನಮ್ಮದು ನಮಗೆ. ಸೌದೆ ಕೊಟ್ಟಿಗೆಯಲ್ಲಿ ಮೂರು ಕಲ್ಲು ಇಡು, ಒಂದು ಪಾತ್ರೆ ಬೇರೆ ಇಡು" ಅಂದರು. ಮೀನಿನ ಗಾಡಿಯವನ ಹತ್ತಿರ ಬಂಗುಡೆ, ಬೂತಾಯಿ ಕೊಂಡು ಶುಚಿ ಮಾಡಿಕೊಡುವುದನ್ನು ಪಕ್ಕದ ಮನೆಯ ಅಕ್ಕ ವಹಿಸಿಕೊಂಡರು, ಹಣ ನಾನು ಕೊಡುತ್ತಿದ್ದೆ. ಹಸಿ ಮೀನು ಹಾಕಬಾರದು, ಕೆಲವು ಮೀನುಗಳಲ್ಲಿ ಬಿ1 ವಿಟಮಿನ್ ಕೆಡಿಸುವ ಅಂಶ ಇರುತ್ತದೆ. ಬೇಯಿಸಿದರೆ ಅದು ಸಾಯುತ್ತದೆ. ಬೇಯಿಸಿದ ನೀರನ್ನು ಚೆಲ್ಲಬಾರದು, ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ನೀರಿಗೆ ಇಳಿದಿರುತ್ತದೆ. ಉಪ್ಪು, ನೀರುಳ್ಳಿ, ಬೆಳ್ಳುಳ್ಳಿ ಯಾವುದೂ ಬೇಡ. ಬರೀ ಮೀನೇ ಸಾಲದು ಅಂತ ಕೋಳಿ, ಅದರ ಈಲಿ (ಯಕೃತ್ತು) ಸ್ವಲ್ಪ, ಜೊತೆಗೆ ಬೆಕ್ಕಿಗೆಂದೇ ಬರುವ ಒದ್ದೆ ಆಹಾರದ ಪೊಟ್ಟಣ. ಒಮ್ಮೆಲೇ ಬದಲಿಸಲಿಲ್ಲ. ಅನ್ನ ಕಡಿಮೆಯಾದಷ್ಟೂ ಇನ್ಸುಲಿನ್ ಕಡಿಮೆ ಸಾಕಾಗುತ್ತದೆ. ಊಟ ಬದಲಿಸಿ ಡೋಸು ಹಾಗೇ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಮೂರು ವಾರದಲ್ಲಿ, ಡಾಕ್ಟರಿಗೆ ಹೇಳುತ್ತಾ ಹೇಳುತ್ತಾ ಬದಲಿಸಿದೆವು.

ಕಿವಿ ಚುಚ್ಚಿ ರಕ್ತ ತೆಗೆಯುವುದನ್ನು ಕಲಿಯಲು ವಾರ ಹಿಡಿಯಿತು. ಬಿಸಿನೀರಿಗೆ ಅದ್ದಿ ಹಿಂಡಿದ ಬಟ್ಟೆಯನ್ನು ಕಿವಿಯ ಮೇಲೆ ಒಂದು ನಿಮಿಷ ಇಟ್ಟರೆ ಅಂಚಿನ ರಕ್ತದ ನರ ಉಬ್ಬಿ ಕಾಣುತ್ತದೆ. ಕಿವಿಯ ಹಿಂದೆ ಹತ್ತಿ ಹಿಡಿದು, ನರದ ಪಕ್ಕಕ್ಕೆ ಚುಚ್ಚಿದರೆ ಸಾಸಿವೆಯಷ್ಟು ರಕ್ತ ಬರುತ್ತದೆ, ಅಷ್ಟೇ ಸಾಕು. ಮೊದಲ ದಿನಗಳಲ್ಲಿ ಬೈರಾಸಿನಲ್ಲಿ ಸುತ್ತಿ ಹಿಡಿಯಬೇಕಿತ್ತು. ಚುಚ್ಚಿದ ಕೂಡಲೇ ಬೆಂದ ಕೋಳಿಯ ಚೂರು ಕೊಡುತ್ತಾ ಬಂದೆ. ಆಮೇಲಾಮೇಲೆ ಮೀಟರಿನ ಡಬ್ಬಿಯ ಸದ್ದು ಕೇಳಿದರೆ ತಾನಾಗಿ ಜಗಲಿಗೆ ಬಂದು ಕೂರುತ್ತಿದ್ದ. ಅತ್ತೆಯ ಮೀಟರನ್ನೇ ಬಳಸಿದೆ. ಮನುಷ್ಯರ ಮೀಟರು ಬೆಕ್ಕಿನ ರಕ್ತದಲ್ಲಿ ಇರುವುದಕ್ಕಿಂತ ತುಸು ಕಡಿಮೆ ತೋರಿಸುತ್ತದೆ, ಅದನ್ನು ಡಾಕ್ಟರಿಗೆ ಹೇಳಿಯೇ ಲೆಕ್ಕ ಬರೆಯುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆಯಿಂದ ಸಂಜೆವರೆಗೆ ಎರಡೆರಡು ಗಂಟೆಗೆ ನೋಡಿ, ಅತಿ ಕಡಿಮೆ ಎಷ್ಟಕ್ಕೆ ಇಳಿಯುತ್ತದೆ ಅಂತ ಬರೆದು ಕಳಿಸಬೇಕಿತ್ತು. ಡೋಸು ಏರಿಸುವುದೋ ಇಳಿಸುವುದೋ ಅಂತ ಅವರು ತೀರ್ಮಾನಿಸುತ್ತಿದ್ದದ್ದು ಆ ತಳದ ಅಂಕೆ ನೋಡಿ.

ಈಗ ನನ್ನ ತಪ್ಪು ಹೇಳಬೇಕು. ಇದನ್ನು ಹೇಳಲಿಕ್ಕೆಂದೇ ಬರೆಯಲು ಕೂತದ್ದು.

ಅತ್ತೆಯ ಇನ್ಸುಲಿನ್ ಒಂದು ಎಂಎಲ್‌ಗೆ 40 ಯೂನಿಟಿನದು, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಬೊಳ್ಳನದು ಒಂದು ಎಂಎಲ್‌ಗೆ 100 ಯೂನಿಟಿನದು, ಸಿರಿಂಜಿಗೆ ಕಿತ್ತಳೆ ಮುಚ್ಚಳ. ಎರಡೂ ಫ್ರಿಜ್ಜಿನ ಬಾಗಿಲಲ್ಲಿ, ಎರಡಕ್ಕೂ ಹೊತ್ತು ಒಂದೇ. ಡಿಸೆಂಬರಿನ ಒಂದು ಸಂಜೆ ಕರೆಂಟು ಹೋಗಿತ್ತು. ಹತ್ತಿರದ ಗದ್ದೆಯಲ್ಲಿ ಯಕ್ಷಗಾನದ ಆಟ ಇತ್ತು, ಚೆಂಡೆ ಕೇಳುತ್ತಿತ್ತು, ಹೊರಡುವ ಗಡಿಬಿಡಿ. ಟಾರ್ಚಿನ ಬೆಳಕಲ್ಲಿ ಕೆಂಪು ಮುಚ್ಚಳದ ಸಿರಿಂಜಿಗೆ ಬೊಳ್ಳನ ಔಷಧಿ ಎಳೆದೆ. ಒಂದು ಗೆರೆ. ಆ ಸಿರಿಂಜಿನ ಒಂದು ಗೆರೆಯಲ್ಲಿ 100ರ ಇನ್ಸುಲಿನ್ ತುಂಬಿದರೆ ಎರಡೂವರೆ ಯೂನಿಟ್ ಆಗುತ್ತದೆ. ಅರುವತ್ತು ಕಿಲೋದ ಮನುಷ್ಯನಿಗೆ ಅದೊಂದು ದೊಡ್ಡದಲ್ಲ. ನಾಲ್ಕೂವರೆ ಕಿಲೋದ ಬೆಕ್ಕಿಗೆ ಜೀವ ಹೋಗುವ ಮಾತು. ಸಾಲದ್ದಕ್ಕೆ ಅವತ್ತು ಅವನು ಅರ್ಧ ಊಟ ಬಿಟ್ಟು ಎದ್ದಿದ್ದ, ನಾನು ಗಮನಿಸಲಿಲ್ಲ.

ಹನ್ನೊಂದು ಗಂಟೆಗೆ ಬಂದು ನೋಡಿದರೆ ಬೊಳ್ಳ ಜಗಲಿಯ ಮೂಲೆಯಲ್ಲಿ ಗೋಡೆಗೆ ತಲೆ ಒತ್ತಿ ನಿಂತಿದ್ದ. ಕರೆದರೆ ತಿರುಗಲಿಲ್ಲ. ಎರಡು ಹೆಜ್ಜೆ ಇಟ್ಟು ಕುಡಿದವರ ಹಾಗೆ ಓಲಾಡಿ ಬಿದ್ದ. ಕಣ್ಣಿನ ಪಾಪೆ ಇಡೀ ಕಪ್ಪು. ಮೀಟರಿನಲ್ಲಿ 38. ನಮ್ಮ ತೋಟದ ತುಡುವೆ ಜೇನು ಶೀಶೆಯಲ್ಲಿತ್ತು. ಬೆರಳಿಗೆ ಹಚ್ಚಿ ಅವನ ವಸಡಿಗೆ, ಕೆನ್ನೆಯ ಒಳಗೆ ತಿಕ್ಕಿದೆ. ಗಂಟಲಿಗೆ ಹೊಯ್ಯಬಾರದು, ನುಂಗಲು ಆಗದಿದ್ದರೆ ಶ್ವಾಸಕ್ಕೆ ಹೋಗುತ್ತದೆ. ಇವರು ಡಾಕ್ಟರಿಗೆ ಫೋನ್ ಹಚ್ಚಿದರು. ಹತ್ತು ನಿಮಿಷಕ್ಕೆ ತಲೆ ಎತ್ತಿದ, ಇಪ್ಪತ್ತು ನಿಮಿಷಕ್ಕೆ ಮೀನಿನ ಸಾರು ನೆಕ್ಕಿದ. ಅಲ್ಲಿಗೆ ಮುಗಿಯಿತು ಅಂತ ಮಲಗುವ ಹಾಗಿರಲಿಲ್ಲ. ಗ್ಲಾರ್ಜಿನ್ ನಿಧಾನಕ್ಕೆ ಕೆಲಸ ಮಾಡುವ ಔಷಧಿ, ಜೇನಿನ ಸಕ್ಕರೆ ಕರಗಿದ ಮೇಲೆ ಮತ್ತೆ ಕೆಳಗೆ ಎಳೆಯುತ್ತದೆ. ಎರಡು ಗಂಟೆಗೆ ಪುನಃ 50ಕ್ಕೆ ಇಳಿಯಿತು, ಪುನಃ ಜೇನು. ಆಟದ ಮಂಗಳ ಆಗುವವರೆಗೂ ಅವನನ್ನು ಮಡಿಲಲ್ಲಿಟ್ಟು ಕೂತಿದ್ದೆ. ಬೆಳಗಿನ ಇಂಜೆಕ್ಷನ್ ಕೊಡಲಿಲ್ಲ, ಮೊದಲ ಬಸ್ಸಿಗೆ ಕಾಸರಗೋಡಿಗೆ ಹೋದೆವು.

ಮರುದಿನದಿಂದ ಅತ್ತೆಯ ಸಿರಿಂಜು ಅವರ ಕೋಣೆಯ ಕಪಾಟಿಗೆ, ಬೊಳ್ಳನದು ಜಗಲಿಯ ತಗಡಿನ ಡಬ್ಬಿಗೆ. ಬಾಟ್ಲಿ ನೋಡಿಯೂ ಹೇಳಬಹುದು: ಅತ್ತೆಯದು ಹಾಲು ಕದಡಿದ ಹಾಗೆ, ಬೊಳ್ಳನದು ನೀರಿನಷ್ಟು ತಿಳಿ. ತಿಳಿಯಾದದ್ದು ಮಸುಕಾಗಿ ಕಂಡರೆ ಎಸೆಯಬೇಕು. ಊಟ ಮುಗಿಸಿದ್ದನ್ನು ಕಣ್ಣಾರೆ ನೋಡದೆ ಸೂಜಿ ಮುಟ್ಟುವುದಿಲ್ಲ. ಔಷಧಿ ಒಳಗೆ ಹೋಯಿತೋ ಕೂದಲಿಗೆ ಚೆಲ್ಲಿತೋ ಅಂತ ಅನುಮಾನ ಬಂದರೆ ಇನ್ನೊಮ್ಮೆ ಕೊಡುವುದಿಲ್ಲ. ಒಂದು ಹೊತ್ತು ಸಕ್ಕರೆ ಏರಿದರೆ ತಾಳಿಕೊಳ್ಳುತ್ತದೆ, ಇಳಿದರೆ ತಾಳುವುದಿಲ್ಲ. ಹಾಗಂತ ದಿನಗಟ್ಟಲೆ ಬಿಟ್ಟರೂ ಅಪಾಯವೇ. ವಾಂತಿ, ಊಟ ಬಿಡುವುದು ಶುರುವಾದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದ ಗಡಿಯಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಮಂಗಳೂರಿನಿಂದ ತರುತ್ತಿದ್ದ ಪೊಟ್ಟಣ ನಿಂತಿತು, ಮೀಟರಿನ ಪಟ್ಟಿಗೂ ತತ್ವಾರ. ಕೋಳಿ, ಮೀನಿನಲ್ಲೇ ಸುಧಾರಿಸಿದೆವು. ಅಷ್ಟು ಹೊತ್ತಿಗೆ ಡೋಸು ಅರ್ಧ ಯೂನಿಟಿಗೆ ಬಂದಿತ್ತು, ಹಿಂಗಾಲು ಮತ್ತೆ ಬೆರಳ ಮೇಲೆ ನಿಂತಿತ್ತು. ಮೇ ತಿಂಗಳಲ್ಲಿ ಡಾಕ್ಟರು ನಿಲ್ಲಿಸಿ ನೋಡೋಣ ಅಂದರು, ಇನ್ಸುಲಿನ್ ಇಲ್ಲದೆಯೂ ಸಕ್ಕರೆ 100ರ ಆಸುಪಾಸು ನಿಲ್ಲತೊಡಗಿತು. ಬೇಗ ಶುರುಮಾಡಿ ಊಟ ಸರಿಮಾಡಿದರೆ ಕೆಲವು ಬೆಕ್ಕುಗಳಿಗೆ ಹೀಗೆ ಬಿಡುವು ಸಿಗುತ್ತದೆ, ಎಲ್ಲಕ್ಕೂ ಅಲ್ಲ.

ಬಿಡುವು ಸುಮಾರು ಎರಡು ವರ್ಷ ಬಂತು. 2022ರ ಮಳೆಗಾಲದಲ್ಲಿ ಹಲ್ಲಿನ ಬುಡದಲ್ಲಿ ಕೀವು ತುಂಬಿ ಸಕ್ಕರೆ ಪುನಃ ಏರಿತು. ಹಲ್ಲು ಕೀಳಿಸಿ, ಮತ್ತೆ ಒಂದು ಯೂನಿಟಿನಿಂದ ಶುರುಮಾಡಿದೆವು. ಈ ಸಲ ಇರುವೆ ಬರುವ ಮೊದಲೇ ಗೊತ್ತಾಗಿತ್ತು, ಹಟ್ಟಿಯ ಬಾನಿಯ ಹತ್ತಿರ ಅವನನ್ನು ಕಂಡ ದಿನವೇ ಅತ್ತೆ ನನ್ನನ್ನು ಕರೆದಿದ್ದರು.