ಡಚ್ ಊರಹೆಸರು ಬಿಡಿಸುವ ಬಗೆ: ನನ್ನ ಅನುಭವ

ನೆದರ್‌ಲ್ಯಾಂಡ್ಸಿನ ಊರಹೆಸರೊಂದರ ಅರ್ಥ ಹುಡುಕುವಾಗ ನಾನು ಇಂದಿನ ಡಚ್ ನಿಘಂಟನ್ನು ಕೊನೆಗೆ ತೆರೆಯುತ್ತೇನೆ. ಮೊದಲು ಬೇಕಾದದ್ದು ಹಳೆಯ ದಾಖಲೆಯಲ್ಲಿರುವ ಬರಹರೂಪ, ಆಮೇಲೆ ನೆಲದ ಎತ್ತರ ತೋರಿಸುವ ನಕ್ಷೆ. ಇವೆರಡೂ ತಾಳೆಯಾಗದೆ ಅರ್ಥ ಬರೆದಿಡುವುದಿಲ್ಲ.

ಲೈಡನ್ ನೋಡಿ. ರೋಮನ್ನರ ಕಾಲದ ಲುಗ್ದುನಮ್ ಎಂಬ ನೆಲೆ ಇದೇ ಊರು ಎಂದು ಪಂಡಿತರು ನಂಬಿದ್ದರು. 1575ರಲ್ಲಿ ಶುರುವಾದ ಅಲ್ಲಿನ ವಿಶ್ವವಿದ್ಯಾಲಯದ ಲ್ಯಾಟಿನ್ ಹೆಸರಿನಲ್ಲಿ ಆ ನಂಬಿಕೆ ಈಗಲೂ ಉಳಿದಿದೆ. ಆದರೆ ಲುಗ್ದುನಮ್ ಇದ್ದದ್ದು ಕಟ್ವೈಕ್ ಬಳಿ, ಹಳೆಯ ರೈನ್ ನದಿ ಸಮುದ್ರ ಸೇರುವಲ್ಲಿ. ಲೈಡನ್ನಿನ ಹಳೆಯ ರೂಪ ‘ಲೈಥೊನ್’, ಅಂದರೆ ಕಾಲುವೆಗಳ ಬಳಿ. ಕೊನೆಯ ‘ಒನ್’ ಬಹುವಚನದ ವಿಭಕ್ತಿ ಪ್ರತ್ಯಯ.

ಕೆಲವು ಪ್ರತ್ಯಯಗಳು ಸುಲಭ. ಆಲ್ಮೆಲೊ, ಹೆಂಗೆಲೊಗಳ ‘ಲೊ’ ಎಂದರೆ ಕಾಡು. ಎರಡೂ ಪೂರ್ವದ ಮರಳುನೆಲದ ಊರುಗಳು. ಹಿಲ್ವರ್ಸಮ್‌ನ ‘ಉಮ್’ ಮನೆ ಎಂಬರ್ಥದ ‘ಹೇಮ್’ ಸವೆದು ಉಳಿದದ್ದು. ಕೆರ್ಕ್‌ರಾಡೆಯ ‘ರಾಡೆ’ ಕಾಡು ಕಡಿದು ಮಾಡಿದ ಬಯಲು.

ಹೆಚ್ಚು ಜನ ಎಡವುವುದು ‘ಕೋಪ್’ನಲ್ಲಿ. ಬಾಸ್ಕೋಪ್, ನ್ಯೂಕೋಪ್ ಕಂಡರೆ ಇಂದಿನ ಡಚ್ ಬಲ್ಲವರಿಗೆ ‘ಖರೀದಿ’ ನೆನಪಾಗುತ್ತದೆ. ಪಾಪೆಕಾಪ್, ಟೆಕ್‌ಕಾಪ್‌ಗಳಲ್ಲಿ ಅದೇ ಪದ ‘ಕಾಪ್’ ಆಗಿ, ‘ತಲೆ’ ಎಂಬಂತೆ ಕಾಣುತ್ತದೆ. ಮೂಲದಲ್ಲಿ ಇದು ‘ಕೋಪೆ’: ಜೌಗುನೆಲವನ್ನು ಬಸಿದು ಉಳುಮೆಗೆ ತರಲು ಉಟ್ರೆಕ್ಟಿನ ಬಿಷಪ್ ಅಥವಾ ಹಾಲೆಂಡಿನ ಕೌಂಟ್ (ಆ ನಾಡನ್ನು ಆಳುತ್ತಿದ್ದ ಸಾಮಂತ) ರೈತರೊಂದಿಗೆ ಮಾಡಿಕೊಂಡ ಒಪ್ಪಂದ. ಒಂದೊಂದು ಹಿಡುವಳಿ ಸುಮಾರು 113 ಮೀಟರ್ ಅಗಲ, 1,250 ಮೀಟರ್ ಉದ್ದ. ಅದಕ್ಕೇ ಹಳೆಯ ಭೂನಕ್ಷೆಯಲ್ಲಿ ಅಳತೆಪಟ್ಟಿ ಇಟ್ಟು ನೋಡುತ್ತೇನೆ. ಹಳ್ಳದಿಂದ ಹಳ್ಳಕ್ಕೆ ಉದ್ದನೆಯ ಪಟ್ಟಿಗಳಾಗಿ ಹೊಲಗಳು ಈ ಅಳತೆಯ ಆಸುಪಾಸಿನಲ್ಲಿದ್ದರೆ ‘ಕೋಪೆ’ ಎಂಬ ಓದಿಗೆ ಬಲ ಬರುತ್ತದೆ. ಮುಂದಿನ ತಲೆಮಾರುಗಳಲ್ಲಿ ಪಟ್ಟಿಗಳು ಉದ್ದುದ್ದಕ್ಕೆ ಸೀಳಿರುವುದುಂಟು, ಆದ್ದರಿಂದ ಒಂದೇ ಹೊಲ ಅಳೆದು ತೀರ್ಮಾನಿಸಬಾರದು. ಪಕ್ಕದವನ್ನು ಕೂಡಿಸಿ ನೋಡಬೇಕು.

ಸಮುದ್ರದಿಂದ ಗೆದ್ದ ಪೋಲ್ಡರ್‌ಗಳಲ್ಲಿ, ಅಂದರೆ ಒಡ್ಡು ಕಟ್ಟಿ ನೀರು ಬಸಿದ ನೆಲಗಳಲ್ಲಿ, ನೆಲದ ಪರೀಕ್ಷೆ ನಡೆಯುವುದಿಲ್ಲ, ಅಲ್ಲಿನ ಹೆಸರುಗಳನ್ನು ಜನ ಆರಿಸಿ ಇಟ್ಟಿದ್ದಾರೆ. ಲೆಲಿಸ್ಟಾಡ್ ಎಂಜಿನಿಯರ್ ಕಾರ್ನೆಲಿಸ್ ಲೆಲಿಯ ನೆನಪಿಗೆ, ಆಲ್ಮೆರೆಯ ಹೆಸರು ಮಧ್ಯಯುಗದ ಸರೋವರವೊಂದರದು. ಎಮ್ಮೆಲೋರ್ಡ್ ಎಂಬುದು 1859ರಲ್ಲಿ ತೆರವಾದ ಸ್ಕೋಕ್‌ಲ್ಯಾಂಡ್ ದ್ವೀಪದ ಹಳ್ಳಿಯ ಹೆಸರು. ಇಂದಿನ ಪಟ್ಟಣ ಅದನ್ನು ಎರವಲು ಪಡೆದಿದೆ. ಆದ್ದರಿಂದ ಅದರ ಮೂಲ ಹುಡುಕಲು ದ್ವೀಪದ ದಾಖಲೆಗಳಿಗೇ ಹೋಗಬೇಕು.