ತಾತನ ಮನೆಗೆ ಹಳದಿ ಬೀಮು

ಮೈಸೂರಿನ ಸರಸ್ವತಿಪುರಂನಲ್ಲಿ ತಾತ ಕಟ್ಟಿಸಿದ ಮನೆ ನಮ್ಮದು. ಒಂದೂವರೆ ಇಟ್ಟಿಗೆ ದಪ್ಪದ ಗೋಡೆ, ಸುಣ್ಣದ ಗಾರೆಯ ಗಿಲಾವು, ತೇಗದ ಜಂತೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ತಾರಸಿ, ಕೆಳಗೆ ರೆಡ್ ಆಕ್ಸೈಡ್ ನೆಲ. ನಾನು ಆರ್ಕಿಟೆಕ್ಟ್ ಅಲ್ವಾ, "ನೀನೇ ಏನಾದ್ರೂ ಮಾಡು" ಎಂದು ಅಮ್ಮ ಒಪ್ಪಿಸಿಬಿಟ್ಟರು. ಚಿಕ್ಕಪ್ಪ ಮಾತ್ರ ಕೆಡವಿ ಡೂಪ್ಲೆಕ್ಸ್ ಕಟ್ಟಬೇಕೆಂದು ಪಟ್ಟು ಹಿಡಿದಿದ್ದರು.

ಈಗ 'ಮಾಡರ್ನ್ ಎಲಿವೇಶನ್' ಎಂದರೆ ಮುಂದೆ ಅಲ್ಯೂಮಿನಿಯಂ ಹೊದಿಕೆಯ ಎಸಿಪಿ ಶೀಟು, ಒಂದಷ್ಟು ಯಂತ್ರದಲ್ಲಿ ಕೊರೆದ ಸಿಎನ್‌ಸಿ ಜಾಲರಿ, ರಾತ್ರಿ ನೀಲಿ ಲೈಟು. ಒಳಗೆ ಹೋದರೆ ಅದೇ ಕತ್ತಲೆ ಕೋಣೆ. ನಾನು ಬೀದಿ ಕಡೆಯ ಮುಖ ಮುಟ್ಟಲೇ ಇಲ್ಲ. ಧೈರ್ಯವನ್ನೆಲ್ಲ ಒಳಗೆ ಖರ್ಚು ಮಾಡಿದೆ: ನಡುಮನೆ, ಅಡುಗೆಮನೆ ನಡುವಿನ ಗೋಡೆಯನ್ನು 14 ಅಡಿ ಅಗಲಕ್ಕೆ ತೆಗೆಸಿದೆ.

ಜಂತೆಗಳೆಲ್ಲ ಕೂತಿದ್ದು ಆ ಗೋಡೆಯ ಮೇಲೆಯೇ. ಸುಮ್ನೆ ಒಡೆದರೆ ತಾರಸಿ ತಲೆ ಮೇಲೆ ಬರುತ್ತದೆ. ಎರಡೂ ಕಡೆ ಜಂತೆಗಳಿಗೆ ಜಾಕಿ ಕೊಟ್ಟೆವು. ಗೋಡೆಯ ಒಂದು ಮುಖದಲ್ಲಿ ಮಾತ್ರ ಆರಿಂಚು ಆಳಕ್ಕೆ ಕಟರ್‌ನಲ್ಲಿ ಕೊರೆದು, 250 ಎಂಎಂ ಎತ್ತರದ ಉಕ್ಕಿನ ಐ-ಬೀಮು ಕೂರಿಸಿದೆವು. ಸುತ್ತಿಗೆ ಏಟಿಗೆ ಹಳೇ ಗಾರೆ ಸಡಿಲವಾಗುತ್ತದೆ, ಅದಕ್ಕೇ ಕಟರ್. ಮೀಟರಿಗೆ ಸುಮಾರು 37 ಕೆಜಿ ತೂಗುವ ಬೀಮು ಅದು. ತುದಿಗಳ ಕೆಳಗೆ ಭಾರ ಹರಡಲು ಕಾಂಕ್ರೀಟ್ ಬೆಡ್ ಬ್ಲಾಕು, ಮೇಲಿನ ಸಂದಿ ತುಂಬಲು ಕುಗ್ಗದ ಸಿಮೆಂಟ್ ಗ್ರೌಟು. ಅದು ಗಟ್ಟಿಯಾದ ಮೇಲೆಯೇ ಇನ್ನೊಂದು ಮುಖ ಕೊರೆದು ಎರಡನೇ ಬೀಮು. ಎರಡನ್ನೂ ಬೋಲ್ಟ್ ಹಾಕಿ ಬಿಗಿದು, ಆಮೇಲೆ ಕೆಳಗಿನ ಇಟ್ಟಿಗೆ ತೆಗೆದೆವು. "ಸಾರ್, ಒಂದೇ ದಿನದ ಕೆಲಸಕ್ಕೆ ಇಷ್ಟು ಎಳೀತೀರಲ್ಲ" ಎಂದು ಮೇಸ್ತ್ರಿ ಗೊಣಗುತ್ತಲೇ ಇದ್ದರು.

ಬೀಮನ್ನು ಪಿಒಪಿಯಲ್ಲಿ ಮುಚ್ಚು ಎಂದರು ಎಲ್ಲರೂ. ಗೋಡೆಯ ಭಾರ ಹೊತ್ತಿರುವುದನ್ನು ಬಚ್ಚಿಡುವುದು ಯಾಕೆ? ಗಾಢ ಹಳದಿ ಬಳಿಸಿದೆ. "ಮದುವೆ ಹೆಣ್ಣಿಗೆ ಅರಿಶಿನ ಹಚ್ಚಿದ ಹಾಗಿದೆಯಲ್ಲೋ" ಎಂದರು ಅಮ್ಮ. ಬೈದರೋ ಮೆಚ್ಚಿದರೋ, ಗೊತ್ತಾಗಲಿಲ್ಲ.

ಗೋಡೆ ಇದ್ದ ಜಾಗದಲ್ಲಿ ನೆಲವೇ ಇರಲಿಲ್ಲ. ಹಳೇ ರೆಡ್ ಆಕ್ಸೈಡ್‌ಗೆ ಹೊಸದರ ಬಣ್ಣ ಹೊಂದುವುದಿಲ್ಲ, ತೇಪೆ ಎದ್ದು ಕಾಣುತ್ತದೆ. ಹಾಗಾಗಿ ಗೋಡೆಯ ದಪ್ಪದಷ್ಟೇ ಅಗಲಕ್ಕೆ ಚಾಮರಾಜನಗರದ ಕರಿಕಲ್ಲು ಹಾಸಿದೆ. ಈ ಕಡೆ ಕೆಂಪು, ಆ ಕಡೆ ಅಡುಗೆಮನೆಯ ಬೂದು ಕಾಂಕ್ರೀಟು. ಇಡೀ ಮನೆಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಈ ಪಟ್ಟಿ.

ಹಿತ್ತಲ ಕಡೆ ದೊಡ್ಡ ಗಾಜು. ಅದು ಪಶ್ಚಿಮ, ಏಪ್ರಿಲ್ ಬಿಸಿಲಿಗೆ ಮನೆ ಬೇಯುತ್ತದೆ. ನಾಲ್ಕಡಿ ಕಾಂಕ್ರೀಟ್ ಸಜ್ಜ ಚಾಚಿದೆ. ಇಳಿಬಿಸಿಲು ಸಜ್ಜಕ್ಕೆ ನಿಲ್ಲುವುದಿಲ್ಲ, ಅದಕ್ಕೆ ಹೊರಗೆ ಬಿದಿರಿನ ತಟ್ಟಿ.

ಕಾಸು, ಕಾಲ ಎರಡನ್ನೂ ತಿಂದದ್ದು ಸ್ಟೀಲಲ್ಲ, ಗಾರೆ. ಹಳೇ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗಿಲಾವು ಉದುರುತ್ತದೆ. ಸುಣ್ಣದ ಕೆಲಸ ಗೊತ್ತಿರುವ ಕೈ ಹುಡುಕುವುದೇ ದೊಡ್ಡ ಪಾಡು. ನೀವೂ ಇಂಥ ಮನೆಗೆ ಕೈ ಹಾಕುವುದಾದರೆ ಮೊದಲು ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ಹಿಡಿಯಿರಿ, ಬೀಮು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.