ಬಾಗಿಸಿದಾಗ ಮುರಿದ ಚಾಕು, ಮುರಿಯದ ಚಾಕು

ಚಾಕು ಬಡಿಯುವವರ ಸಂಘವಾದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಜರ್ನಿಮನ್ ಎಂಬ ಹಂತದ ಪರೀಕ್ಷೆಗೆ ಮಂಡ್ಯದಲ್ಲೇ ತಯಾರಾಗುತ್ತಿದ್ದೇನೆ. ಇಳಿಬಿಟ್ಟ ಒಂದಿಂಚಿನ ಹಗ್ಗ ಒಂದೇ ಏಟಿಗೆ ತುಂಡಾಗಬೇಕು. ಎರಡಿಂಚು ದಪ್ಪ, ನಾಲ್ಕಿಂಚು ಅಗಲದ ಮರವನ್ನು ಎರಡು ಸಲ ಪೂರ್ತಿ ಕಡಿದು ತುಂಡರಿಸಿದ ಮೇಲೂ ಅದೇ ಅಲಗು ಕೈಕೂದಲು ಬೋಳಿಸಬೇಕು. ಕೊನೆಗೆ ವೈಸಿಗೆ ಸಿಕ್ಕಿಸಿ 90 ಡಿಗ್ರಿ ಬಾಗಿಸಿದರೆ ಮುರಿಯಬಾರದು. ನನ್ನ ಚಾಕು ಮೊದಲ ಮೂರನ್ನೂ ಗೆದ್ದು, ಬಾಗಿಸಲು ಶುರುಮಾಡಿದ ಕೂಡಲೇ ಟಣ್ಣೆಂದು ಮುರಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಕಬ್ಬು ಕಡಿಯುವ ಮಚ್ಚು ಮಾಡುವ ಹಿರಿಯರೊಬ್ಬರ ಕುಲುಮೆಗೆ ತುಂಡುಗಳನ್ನು ಒಯ್ದೆ. ಹೊಳಪು, ಹಿಡಿ ಯಾವುದನ್ನೂ ಅವರು ನೋಡಲಿಲ್ಲ. ಮುರಿದ ಮುಖವನ್ನು ಬಿಸಿಲಿಗೆ ಹಿಡಿದರು.

"ಸಕ್ಕರೆ ಹರಳಿದ್ದಂಗದೆ ಕಣಪ್ಪ. ಜಾಸ್ತಿ ಕಾಯ್ಸ್‌ಬುಟ್ಟಿದ್ದೀಯ."

ಲೇತ್ ಕೆಲಸದ ಗೆಳೆಯ ಅರದಿಂದ ಉಜ್ಜಿ ಇನ್ನೊಂದು ತಪ್ಪು ಹಿಡಿದ: ಅಲಗಿನ ಬೆನ್ನೂ ಹರಿತದ ಬಾಯಿಯಷ್ಟೇ ಗಡಸು. ಬೆನ್ನು ಮೆತ್ತಗಿದ್ದರೆ ತಾನೇ ಬಾಗುವುದು.

ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಹೊಸದು ಬಡಿದೆ. ಅಯಸ್ಕಾಂತ ಅಂಟದಷ್ಟು ಕಾಯಿಸಿ, ಗಾಳಿಯಲ್ಲಿ ತಾನಾಗಿ ಆರಲು ಬಿಟ್ಟೆ. ಹೀಗೆ ಮೂರು ಸಲ. ಜಾಸ್ತಿ ಕಾದು ದಪ್ಪಗಾಗುವ ಉಕ್ಕಿನ ಹರಳು ಸಣ್ಣದಾಗುವುದು ಇಲ್ಲೇ, ಆತುರ ಬೇಡ. ಮತ್ತೆ ಕಾಯಿಸಿ, ಗಡಸಾಗಲು ಬೆಚ್ಚನೆಯ ಎಣ್ಣೆಗೆ ಅದ್ದಿ, ಓವನ್ನಿನಲ್ಲಿ 200 ಡಿಗ್ರಿಗೆ ಎರಡೆರಡು ಗಂಟೆ, ಎರಡು ಸಲ ಹದ ಕೊಟ್ಟೆ. ಆಮೇಲೆ ಬಾಯನ್ನು ನೀರಲ್ಲಿಟ್ಟು, ಬೆನ್ನು ಮಾತ್ರ ಮೆತ್ತಗಾಗಲೆಂದು ಅದಕ್ಕೆ ಗ್ಯಾಸ್ ಟಾರ್ಚಿನ ಬೆಂಕಿ ಹಿಡಿದು ನೀಲಿ ಬಣ್ಣ ಬರಿಸಿದೆ.

ಮೊನ್ನೆ ಆ ಹಿರಿಯರ ಕುಲುಮೆಯಲ್ಲೇ ಬಾಗಿಸಿದೆವು. 90 ಡಿಗ್ರಿಗೆ ಬಂತು, ಬಿರುಕಿಲ್ಲ. ಹಿಡಿ ಒದ್ದೆ ಕೈಗೆ ಜಾರುತ್ತದೆ ಅಂದಿದ್ದಾರೆ. ಈ ವಾರ ಅದನ್ನು ತಿದ್ದುತ್ತಿದ್ದೇನೆ.